ರಕ್ತದಲ್ಲಿ ಒಂದಕ್ಷರದ ತಪ್ಪು



ನಾಗಪುರದಲ್ಲಿ ನೆಲೆನಿಂತ ನಮಗೆಲ್ಲ 'ಸಿಕಲ್ ಸೆಲ್' ಎಂಬ ಮಾತು ಹೊಸದಲ್ಲ. ದವಾಖಾನೆಯ ಗೋಡೆಯ ಮೇಲೆ, ಶಾಲೆಯ ಫಲಕದಲ್ಲಿ, ಮರಾಠಿ ಪತ್ರಿಕೆಯ ಮೂಲೆಯಲ್ಲಿ ಅದನ್ನು ಕಂಡಿರುತ್ತೇವೆ. ಕಂಡು ಮುಂದೆ ಹೋಗಿರುತ್ತೇವೆ. ಈ ಲೇಖನ ಬರೆಯುವ ನಾವೂ ಹಾಗೆ ಮುಂದೆ ಹೋದವರೇ.

ಕಳೆದ ಮಳೆಗಾಲದಲ್ಲಿ ನಾವು ದುಡಿಯುವ ನೂಲಿನ ಗಿರಣಿಯಲ್ಲಿ ರಕ್ತಪರೀಕ್ಷೆಯ ಶಿಬಿರ ನಡೆಯಿತು. ಕೆಲವು ದಿನಗಳ ಮೇಲೆ ಚೀಟಿಗಳು ಬಂದವು. ರಿಂಗ್ ಖಾತೆಯ ಒಬ್ಬ ಹುಡುಗನ ಚೀಟಿಯಲ್ಲಿ 'ವಾಹಕ' ಎಂದು ಬರೆದಿತ್ತು. ಮರುದಿನದಿಂದ ಚಹದ ಹೊತ್ತಿಗೆ ಅವನ ಲೋಟವನ್ನು ಯಾರೋ ಬೇರೆಯಾಗಿ ಇಡತೊಡಗಿದರು. ವಾರ ಕಳೆಯುವಷ್ಟರಲ್ಲಿ ಅವನ ಮದುವೆಯ ಮಾತುಕತೆ ನಿಂತಿತೆಂಬ ಸುದ್ದಿಯೂ ಬಂದಿತು. ಒಂದು ಸಂಜೆ ಅವನು ನಮ್ಮ ಮಸ್ಟರಿನ ಮೇಜಿನ ಮುಂದೆ ಬಂದು ನಿಂತ. "ಬಾಬೂಜಿ, ನೀವು ದಿನಾ ವಾಚನಾಲಯಕ್ಕೆ ಹೋಗುವವರು. ಈ ಚೀಟಿಯಲ್ಲಿ ಇರುವುದೇನು? ನಾನು ಸಾಯುತ್ತೇನೆಯೇ? ನನ್ನಿಂದ ಇವರಿಗೆಲ್ಲ ತಗಲುತ್ತದೆಯೇ?" ಎಂದು ಕೇಳಿದ.

ನಮಗೆ ಉತ್ತರ ತಿಳಿದಿರಲಿಲ್ಲ. ಮೆಟ್ರಿಕ್ಕಿಗೆ ಓದು ಮುಗಿಸಿ ಹಾಜರಿಯ ಲೆಕ್ಕ ಬರೆಯುವವರಿಗೆ ಅದು ತಿಳಿಯದಿದ್ದುದು ದೊಡ್ಡ ತಪ್ಪೇನಲ್ಲ. ಆದರೆ ಹತ್ತು ವರ್ಷ ವಾಚನಾಲಯದ ಕಪಾಟುಗಳ ಬೀಗದ ಕೈ ಹಿಡಿದು ತಿರುಗಿಯೂ ತಿಳಿಯದಿದ್ದುದಕ್ಕೆ ನಾಚಿಕೆಯಾಯಿತು. ಅಂದಿನಿಂದ ರಜೆಯ ದಿನಗಳಲ್ಲಿ ಕುಳಿತು ಓದಿದೆವು. ಅರ್ಥವಾಗದುದನ್ನು ತಿಳಿದ ಡಾಕ್ಟರರಲ್ಲಿ ಕೇಳಿದೆವು. ಆ ಒಂದು ಚೀಟಿಯ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಶೋಧನೆ ಇದೆಯೆಂದೂ, ಅದರ ಕೊನೆಯ ಅಧ್ಯಾಯ ಇದೀಗ ನಮ್ಮ ಕಣ್ಣೆದುರಿಗೇ ಬರೆಯಲ್ಪಡುತ್ತಿದೆಯೆಂದೂ ಆಗ ಗೊತ್ತಾಯಿತು. ನಮಗೆ ತಿಳಿದಷ್ಟನ್ನು ಇಲ್ಲಿ ತಮ್ಮ ಮುಂದಿಡುತ್ತೇವೆ.

ಕುಡುಗೋಲಿನ ಆಕಾರ

ಮೊದಲು ರಕ್ತದ ಮಾತು. ರಕ್ತ ಕೆಂಪಾಗಿ ಕಾಣುವುದು ಅದರಲ್ಲಿ ತೇಲುವ ಕೆಂಪು ಕಣಗಳಿಂದ. ಒಂದು ಘನ ಮಿಲಿಮೀಟರು, ಎಂದರೆ ಸಾಸಿವೆ ಕಾಳಿನಷ್ಟು ರಕ್ತದಲ್ಲಿ ಇಂತಹ ಸುಮಾರು ೫೦ ಲಕ್ಷ ಕಣಗಳಿರುತ್ತವೆ. ಪ್ರತಿಯೊಂದು ಕಣವೂ ನಡುವೆ ತಗ್ಗಾದ ದುಂಡನೆಯ ಬಿಲ್ಲೆ. ಅದು ಬಹಳ ಮೆತ್ತಗಿರುವುದರಿಂದ ತನಗಿಂತ ಕಿರಿದಾದ ನಾಳದಲ್ಲಿಯೂ ಮೈಮಡಚಿ ನುಸುಳಬಲ್ಲದು. ಅದರ ಕೆಲಸ ಹಮಾಲನ ಕೆಲಸ: ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೊತ್ತು, ಮೈಯ ಮೂಲೆಮೂಲೆಗೆ ಒಯ್ದು ಇಳಿಸಿ, ಮತ್ತೆ ಹಿಂದಿರುಗುವುದು. ಹೊರೆ ತುಂಬುವ ಬುಟ್ಟಿಗೆ ಹಿಮೋಗ್ಲೋಬಿನ್ ಎಂದು ಹೆಸರು. ಒಂದೊಂದು ಕಣದಲ್ಲಿ ಇಂತಹ ಬುಟ್ಟಿಗಳು ಸುಮಾರು ೨೭ ಕೋಟಿ. ಕಣ ಸುಮಾರು ೧೨೦ ದಿನ ದುಡಿದು ಸಾಯುತ್ತದೆ; ಎಲುಬಿನೊಳಗಿನ ಮಜ್ಜೆ ಅದರ ಜಾಗಕ್ಕೆ ಹೊಸದನ್ನು ಕಳಿಸುತ್ತಿರುತ್ತದೆ.

ಈಗ ಅಮೆರಿಕೆಯ ಶಿಕಾಗೋ ನಗರಕ್ಕೆ ಹೋಗೋಣ. ೧೯೦೪ರ ಕೊನೆಯಲ್ಲಿ ಗ್ರೆನಡಾ ದ್ವೀಪದಿಂದ ದಂತವೈದ್ಯ ಕಲಿಯಲು ಬಂದ ಒಬ್ಬ ವಿದ್ಯಾರ್ಥಿ ಕೆಮ್ಮು, ಜ್ವರ, ನಿಶ್ಶಕ್ತಿಗಳಿಂದ ಅಲ್ಲಿನ ಆಸ್ಪತ್ರೆ ಸೇರಿದ. ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದುಂಡನೆಯ ಬಿಲ್ಲೆಗಳ ನಡುವೆ ನೀಳವಾಗಿ ಬಾಗಿದ, ಪೈರು ಕೊಯ್ಯುವ ಕುಡುಗೋಲಿನಂತಹ ಕಣಗಳು ಕಂಡವು. ಜೇಮ್ಸ್ ಹೆರಿಕ್ ಎಂಬ ವೈದ್ಯರು ಇದನ್ನು ೧೯೧೦ರಲ್ಲಿ ಪ್ರಕಟಿಸಿದರು. ರೋಗಕ್ಕೆ ಸಿಕಲ್ ಸೆಲ್, ಎಂದರೆ ಕುಡುಗೋಲು ಕಣದ ರೋಗ ಎಂಬ ಹೆಸರು ಬಂದುದು ಈ ಆಕಾರದಿಂದಲೇ.

ಕುಡುಗೋಲಿನಂತೆ ಬಾಗಿ ಬಿಗಿತುಕೊಂಡ ಕಣ ಸಣ್ಣ ನಾಳದಲ್ಲಿ ನುಸುಳಲಾರದು. ಒಂದು ಸಿಕ್ಕಿಕೊಂಡರೆ ಅದರ ಹಿಂದೆ ಹತ್ತು ಸಿಕ್ಕಿಕೊಳ್ಳುತ್ತವೆ. ರಕ್ತ ಮುಟ್ಟದ ಕಡೆ ಸಹಿಸಲಾಗದ ನೋವು ಹುಟ್ಟುತ್ತದೆ: ಕೈಕಾಲಿನ ಎಲುಬಿನಲ್ಲಿ, ಬೆನ್ನಿನಲ್ಲಿ, ಎದೆಯಲ್ಲಿ. ಕೆಲವರಿಗೆ ಚಿಕ್ಕ ವಯಸ್ಸಿನಲ್ಲಿಯೇ ಪಾರ್ಶ್ವವಾಯು ಬಡಿಯುವುದುಂಟು. ಮೇಲಾಗಿ ಇಂತಹ ಕಣ ೧೨೦ ದಿನ ಬಾಳುವುದಿಲ್ಲ; ಹತ್ತಿಪ್ಪತ್ತು ದಿನಗಳಲ್ಲಿ ಒಡೆಯುತ್ತದೆ. ಆದುದರಿಂದ ರಕ್ತ ಸದಾ ಕಡಿಮೆ, ಕಣ್ಣು ಹಳದಿ, ಮೈ ಸೋತದ್ದು. ಸಣ್ಣ ಮಕ್ಕಳಿಗೆ ಸಾಮಾನ್ಯ ಸೋಂಕೂ ಪ್ರಾಣಕ್ಕೆ ಬರಬಹುದು.

ತಪ್ಪು ಎಲ್ಲಿದೆ?

ಕಣ ಬಾಗುವುದನ್ನು ಕಂಡುದಾಯಿತು. ಏಕೆ ಬಾಗುತ್ತದೆ ಎಂಬುದು ತಿಳಿಯಲು ನಾಲ್ಕು ದಶಕ ಹಿಡಿಯಿತು. ೧೯೪೯ರಲ್ಲಿ ಲೈನಸ್ ಪೌಲಿಂಗ್ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ಸಂಗಡಿಗರು ರೋಗಿಗಳ ಹಿಮೋಗ್ಲೋಬಿನನ್ನು ವಿದ್ಯುತ್ ಹರಿಯುವ ದ್ರವದಲ್ಲಿ ಓಡಿಸಿ ನೋಡಿದರು. ಅದು ನಿರೋಗಿಗಳ ಹಿಮೋಗ್ಲೋಬಿನಿನಂತೆ ಚಲಿಸಲಿಲ್ಲ. ಎಂದರೆ ದೋಷ ಇರುವುದು ಕಣದ ಗೋಡೆಯಲ್ಲಲ್ಲ, ಒಳಗಿನ ಬುಟ್ಟಿಯಲ್ಲಿಯೇ! ಒಂದು ಅಣು ಕೆಟ್ಟುದರಿಂದ ಒಂದು ರೋಗ ಬರುತ್ತದೆಂದು ಜಗತ್ತಿಗೆ ಮೊಟ್ಟಮೊದಲು ತಿಳಿದುದು ಈ ರೋಗದಿಂದ. ಜೀವಕೋಶದೊಳಗಿನ ಅಣುಗಳನ್ನು ಅರಸುವ ಇಂದಿನ ಶಾಸ್ತ್ರಕ್ಕೆ ಇದು ಒಂದು ಹೆಬ್ಬಾಗಿಲು.

ಹಿಮೋಗ್ಲೋಬಿನ್ ಒಂದು ಪ್ರೋಟೀನು. ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಸಾಲಾಗಿ ಪೋಣಿಸಿದ ಸರ. ನಮ್ಮ ಹಿಮೋಗ್ಲೋಬಿನಿನಲ್ಲಿ ೧೪೧ ಮಣಿಗಳ ಎರಡು ಸರ, ೧೪೬ ಮಣಿಗಳ ಎರಡು ಸರ, ಹೀಗೆ ನಾಲ್ಕು ಸರಗಳು ಸುತ್ತಿಕೊಂಡಿವೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಮ್ ಎಂಬುವರು ಈ ಸರವನ್ನು ತುಂಡುತುಂಡಾಗಿ ಕತ್ತರಿಸಿ, ತುಂಡುಗಳನ್ನು ಕಾಗದದ ಮೇಲೆ ಹರಡುವಂತೆ ಮಾಡಿದರು. ನಿರೋಗಿಯ ಕಾಗದವನ್ನೂ ರೋಗಿಯ ಕಾಗದವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಎಲ್ಲ ಚುಕ್ಕೆಗಳೂ ಸರಿಹೋದವು, ಒಂದರ ಹೊರತು. ಆ ಒಂದು ಚುಕ್ಕೆಯ ಬೆನ್ನು ಹತ್ತಿ ಹೋಗಿ ೧೯೫೭ರಲ್ಲಿ ಅವರು ತಪ್ಪನ್ನು ಹಿಡಿದರು. ೧೪೬ ಮಣಿಗಳ ಸರದಲ್ಲಿ ಆರನೆಯ ಮಣಿ ಬದಲಾಗಿತ್ತು. ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಕುಳಿತಿತ್ತು. ಉಳಿದ ಮಣಿಗಳೆಲ್ಲ ಸರಿಯಾಗಿಯೇ ಇದ್ದವು.

ಲೆಕ್ಕಪತ್ರ ಬರೆಯುವ ನಮಗೆ ಇದು ಬೇಗ ಅರ್ಥವಾಯಿತು. ತಿಂಗಳ ಕೊನೆಗೆ ತಾಳೆ ಬೀಳದ ಲೆಡ್ಜರಿನಲ್ಲಿ ಸಾವಿರ ಅಂಕಿ ಸರಿಯಿದ್ದು ಒಂದು ಅಂಕಿ ತಪ್ಪಿರುತ್ತದೆ. ಅದನ್ನು ಹುಡುಕಿದವನಿಗೇ ಗೊತ್ತು ಅದರ ಪಾಡು.

ಈ ಆರನೆಯ ಮಣಿ ಮಾಡುವ ಕೇಡು ಹೀಗೆ. ಗ್ಲುಟಾಮಿಕ್ ಆಮ್ಲ ನೀರಿನೊಡನೆ ಹೊಂದಿಕೊಂಡಿರುತ್ತದೆ. ವ್ಯಾಲೀನ್‌ಗೆ ನೀರು ಆಗದು. ಹಿಮೋಗ್ಲೋಬಿನ್ ತನ್ನ ಆಮ್ಲಜನಕವನ್ನು ಇಳಿಸಿದೊಡನೆ ಈ ವ್ಯಾಲೀನ್ ನೀರಿನಿಂದ ತಪ್ಪಿಸಿಕೊಂಡು ನೆರೆಯ ಅಣುವಿನ ಒಂದು ಸಂದಿಗೆ ಹೋಗಿ ಅಂಟುತ್ತದೆ. ಅದಕ್ಕೆ ಮತ್ತೊಂದು, ಅದಕ್ಕೆ ಇನ್ನೊಂದು. ಹತ್ತಿಯ ಎಳೆಗಳು ಹೊಸೆದು ಹುರಿಯಾದಂತೆ ಅಣುಗಳು ಹೊಸೆದು ಗಟ್ಟಿಯಾದ ಹುರಿಗಳಾಗುತ್ತವೆ. ಆ ಹುರಿಗಳೇ ಕಣವನ್ನು ಒಳಗಿನಿಂದ ಎಳೆದು ಕುಡುಗೋಲಿನಂತೆ ಬಾಗಿಸುತ್ತವೆ.

ಮುನ್ನೂರು ಕೋಟಿ ಅಕ್ಷರಗಳ ಗ್ರಂಥ

ಆರನೆಯ ಮಣಿ ಏಕೆ ಬದಲಾಯಿತು? ಮಣಿಗಳನ್ನು ಯಾವ ಕ್ರಮದಲ್ಲಿ ಪೋಣಿಸಬೇಕೆಂಬ ಬರಹ ಜೀವಕೋಶದ ನಡುವೆ ಡಿ.ಎನ್.ಎ. ಎಂಬ ಎಳೆಯಲ್ಲಿ ಇದೆ. ಆ ಎಳೆ ತಿರುಚಿದ ಏಣಿಯಂತಿದೆಯೆಂದು ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿದರು. ರೊಸಾಲಿಂಡ್ ಫ್ರ್ಯಾಂಕ್ಲಿನ್ ಅವರ ಕ್ಷಕಿರಣ ಚಿತ್ರಗಳು ಅದಕ್ಕೆ ಆಧಾರವಾದವು. ಒಂದು ಜೀವಕೋಶದ ಎಳೆಗಳನ್ನೆಲ್ಲ ಬಿಡಿಸಿ ಜೋಡಿಸಿದರೆ ಸುಮಾರು ಎರಡು ಮೀಟರು ಉದ್ದ. ಅದು ಸುತ್ತಿ ಅಡಗಿರುವುದು ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಕಿರಿದಾದ ಗೂಡಿನಲ್ಲಿ. ನೂಲು ಸುತ್ತುವುದನ್ನು ದಿನವೂ ನೋಡುವ ನಮಗೂ ಇದು ಬೆರಗೇ!

ಈ ಬರಹಕ್ಕೆ ನಾಲ್ಕೇ ಅಕ್ಷರಗಳು: ಎ, ಟಿ, ಜಿ, ಸಿ. ಮೂರು ಮೂರು ಅಕ್ಷರ ಸೇರಿ ಒಂದು ಪದ. ಒಂದು ಪದಕ್ಕೆ ಒಂದು ಮಣಿ. ಯಾವ ಪದಕ್ಕೆ ಯಾವ ಮಣಿ ಎಂಬ ನಿಘಂಟನ್ನು ಬಿಡಿಸಿದವರಲ್ಲಿ ಅವಿಭಕ್ತ ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ ಹುಟ್ಟಿದ ಹರಗೋವಿಂದ ಖೊರಾನರೂ ಒಬ್ಬರು. ೧೯೬೮ರ ನೊಬೆಲ್ ಪಾರಿತೋಷಕ ಅವರಿಗೂ ನಿರೆನ್‌ಬರ್ಗ್ ಮತ್ತು ಹಾಲಿ ಎಂಬ ಇಬ್ಬರಿಗೂ ಸೇರಿ ಬಂದಿತು.

ಮನುಷ್ಯನ ಬರಹದಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳಿವೆ. ಪುಟಕ್ಕೆ ೩,೦೦೦ ಅಕ್ಷರದಂತೆ ಅಚ್ಚು ಹಾಕಿಸಿದರೆ ೧೦ ಲಕ್ಷ ಪುಟ; ೫೦೦ ಪುಟಗಳ ಸಂಪುಟ ಮಾಡಿದರೆ ೨,೦೦೦ ಸಂಪುಟ. ಇಂತಹ ಒಂದು ಪ್ರತಿ ತಾಯಿಯಿಂದ, ಇನ್ನೊಂದು ಪ್ರತಿ ತಂದೆಯಿಂದ ನಮಗೆ ಬಂದಿರುತ್ತದೆ. ಒಂದೊಂದು ಪ್ರೋಟೀನಿಗೆ ಸಂಬಂಧಪಟ್ಟ ಭಾಗಕ್ಕೆ ವಂಶವಾಹಿ, ಅಥವಾ ಜೀನ್, ಎಂದು ಹೆಸರು.

ಕುಡುಗೋಲು ಕಣದ ರೋಗದಲ್ಲಿ ತಪ್ಪಿರುವುದು ಇಷ್ಟರಲ್ಲಿ ಒಂದೇ ಅಕ್ಷರ. 'ಜಿಎಜಿ' ಎಂದಿರಬೇಕಾದುದು 'ಜಿಟಿಜಿ' ಎಂದಾಗಿದೆ. ಒಂದಕ್ಷರಕ್ಕೆ ಇಷ್ಟು ಅನಾಹುತವೇ ಎಂದು ಯಾರಾದರೂ ಕೇಳಬಹುದು. ಊರಿಗೆ ಬರೆದ ಕಾಗದದಲ್ಲಿ 'ಹಣ ಬಂದಿತು' ಎನ್ನುವ ಕಡೆ ಒಂದು ಎತ್ವ ಹೆಚ್ಚಾಗಿ ಬಿದ್ದರೆ ಮನೆಯವರ ಗತಿ ಏನಾದೀತೆಂದು ಕನ್ನಡಿಗರಾದ ನಾವು ಬಲ್ಲೆವು.

ತಗಲುವುದಲ್ಲ, ಬರುವುದು

ಈಗ ಆ ಹುಡುಗನ ಪ್ರಶ್ನೆಗೆ ಉತ್ತರ ದೊರೆಯಿತು. ಈ ತಪ್ಪು ಹುಟ್ಟಿನಿಂದ ಬರುವುದೇ ಹೊರತು ಲೋಟದಿಂದ, ಹಾಸಿಗೆಯಿಂದ, ಉಸಿರಿನಿಂದ ತಗಲುವುದಲ್ಲ. ತಂದೆಯ ಪ್ರತಿ, ತಾಯಿಯ ಪ್ರತಿ ಎರಡರಲ್ಲಿಯೂ ತಪ್ಪಿದ್ದರೆ ರೋಗ. ಒಂದರಲ್ಲಿ ಮಾತ್ರ ತಪ್ಪಿದ್ದು ಇನ್ನೊಂದು ಸರಿಯಿದ್ದರೆ ಅಂಥವರು ವಾಹಕರು. ವಾಹಕನಲ್ಲಿ ಸರಿಯಾದ ಹಿಮೋಗ್ಲೋಬಿನೇ ಹೆಚ್ಚಾಗಿರುವುದರಿಂದ ಕಣಗಳು ಸಾಮಾನ್ಯವಾಗಿ ಬಾಗುವುದಿಲ್ಲ. ಅವನು ರೋಗಿಯಲ್ಲ. ನೀರಿಲ್ಲದೆ ಮಿತಿಮೀರಿ ದಣಿಯುವುದು, ಬಹಳ ಎತ್ತರದ ಬೆಟ್ಟಗಳಲ್ಲಿ ಶ್ರಮಿಸುವುದು, ಇಂತಹ ಅಪರೂಪದ ಪ್ರಸಂಗಗಳಲ್ಲಿ ಮಾತ್ರ ಎಚ್ಚರವಿದ್ದರೆ ಸಾಕು; ಉಳಿದಂತೆ ಎಲ್ಲರಂತೆ ಬಾಳಿ ಬದುಕುತ್ತಾನೆ.

ವಾಹಕನೂ ವಾಹಕಿಯೂ ಮದುವೆಯಾದರೆ ಮಾತ್ರ ಲೆಕ್ಕ ಹಾಕಬೇಕು. ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಎರಡೂ ಸರಿಯಾಗಿರುವ ಸಂಭವ ನಾಲ್ಕರಲ್ಲಿ ಒಂದು. ವಾಹಕನಾಗುವ ಸಂಭವ ನಾಲ್ಕರಲ್ಲಿ ಎರಡು. ಮೊದಲ ಮಗು ರೋಗಿಯಾಯಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದು ಯಾರೂ ತಿಳಿಯಬಾರದು. ಪ್ರತಿ ಮಗುವಿಗೂ ಚೀಟಿ ಹೊಸದಾಗಿಯೇ ಎತ್ತಬೇಕು. ಇಬ್ಬರಲ್ಲಿ ಒಬ್ಬರು ಮಾತ್ರ ವಾಹಕರಾಗಿ ಇನ್ನೊಬ್ಬರ ಹಿಮೋಗ್ಲೋಬಿನ್ ನಿರ್ದೋಷವಾಗಿದ್ದರೆ ಮಕ್ಕಳಿಗೆ ರೋಗ ಬರುವುದಿಲ್ಲ. ಇನ್ನೊಬ್ಬರಲ್ಲಿ ಥಲಸ್ಸೇಮಿಯಾ ಎಂಬ ಬೇರೊಂದು ರಕ್ತದೋಷದ ವಂಶವಾಹಿ ಇದ್ದರೂ ತೊಂದರೆಯಾಗಬಹುದಾದ್ದರಿಂದ ಅದನ್ನೂ ನೋಡಿಸುವುದು ಲೇಸು.

ಇಷ್ಟು ಕೆಡುಕಾದ ತಪ್ಪು ಸಾವಿರಾರು ವರ್ಷ ಅಳಿಯದೆ ಉಳಿದುದು ಹೇಗೆ? ಇದಕ್ಕೆ ಉತ್ತರ ಕೊಟ್ಟವರು ಆಂಥೊನಿ ಆಲಿಸನ್. ವಾಹಕರಾದ ಮಕ್ಕಳು ಮಲೇರಿಯಾಕ್ಕೆ ಅಷ್ಟಾಗಿ ಬಲಿಯಾಗುವುದಿಲ್ಲವೆಂದು ೧೯೫೪ರಲ್ಲಿ ಪೂರ್ವ ಆಫ್ರಿಕದ ಅಭ್ಯಾಸದಿಂದ ಅವರು ತೋರಿಸಿದರು. ಮಲೇರಿಯಾ ತುಂಬಿದ ಕಾಡುಮೇಡುಗಳಲ್ಲಿ ಒಂದು ತಪ್ಪಕ್ಷರ ಪ್ರಾಣ ಉಳಿಸಿತು. ಎರಡು ಸೇರಿದರೆ ಪ್ರಾಣ ತೆಗೆಯಿತು. ಆದುದರಿಂದಲೇ ಆಫ್ರಿಕ, ಅರಬಸ್ತಾನ, ನಮ್ಮ ದೇಶದ ಅರಣ್ಯ ಪ್ರದೇಶಗಳಲ್ಲಿ ಈ ರೋಗ ಹೆಚ್ಚು. ನಮ್ಮಲ್ಲಿ ಇದನ್ನು ಮೊದಲು ಗುರುತಿಸಿದುದು ೧೯೫೨ರಲ್ಲಿ, ನೀಲಗಿರಿಯ ಗಿರಿಜನರಲ್ಲಿ. ನಾವಿರುವ ವಿದರ್ಭ, ಛತ್ತೀಸಗಡ, ಮಧ್ಯಪ್ರದೇಶ, ಗುಜರಾತ, ಒಡಿಶಾ ಇದರ ಮುಖ್ಯ ಸೀಮೆ. ಕನ್ನಡ ನಾಡಿನಲ್ಲಿಯೂ ಚಾಮರಾಜನಗರ, ಮೈಸೂರು, ಕೊಡಗಿನ ಗಿರಿಜನರಲ್ಲಿ ಇದು ಉಂಟು. ಇದು ಜಾತಿಯ ಶಾಪವಲ್ಲ. ಮಲೇರಿಯಾದೊಡನೆ ಹೋರಾಡಿ ಉಳಿದವರ ಮೈಯ ಮೇಲಿನ ಗಾಯದ ಕಲೆ.

ಹಾಲುಗೂಸಿನ ಗುಟ್ಟು

ಇಷ್ಟೆಲ್ಲ ತಿಳಿದರೂ ಬಹುಕಾಲ ತಪ್ಪನ್ನು ತಿದ್ದುವ ದಾರಿ ಇರಲಿಲ್ಲ. ದಾರಿಯ ಸುಳಿವು ಸಿಕ್ಕಿದುದು ಹಾಲುಗೂಸುಗಳಿಂದ. ೧೯೪೮ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜ್ಯಾನೆಟ್ ವಾಟ್ಸನ್ ಒಂದು ವಿಶೇಷವನ್ನು ಗಮನಿಸಿದರು. ಈ ರೋಗವಿರುವ ಕೂಸುಗಳ ಕಣಗಳು ಹುಟ್ಟಿದ ಹೊಸದರಲ್ಲಿ ಅಷ್ಟಾಗಿ ಬಾಗುವುದಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಬಾಗತೊಡಗುತ್ತವೆ. ಕಾರಣವೇನೆಂದರೆ, ಗರ್ಭದಲ್ಲಿರುವಾಗ ಕೂಸು ಬೇರೊಂದು ಬಗೆಯ ಹಿಮೋಗ್ಲೋಬಿನನ್ನು ತಯಾರಿಸುತ್ತದೆ. ಅದರ ವಂಶವಾಹಿ ಬೇರೆ. ಅದರಲ್ಲಿ ಈ ತಪ್ಪಿಲ್ಲ. ಹುಟ್ಟಿದ ಬಳಿಕ ಆ ಖಾತೆ ಮೆಲ್ಲಗೆ ಮುಚ್ಚಿ ದೊಡ್ಡವರ ಖಾತೆ ತೆರೆಯುತ್ತದೆ. ಆಗ ರೋಗ ತಲೆ ಎತ್ತುತ್ತದೆ.

ಕೆಲವರಲ್ಲಿ ಕೂಸಿನ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಸ್ವಲ್ಪ ಮಟ್ಟಿಗೆ ಉಳಿದಿರುತ್ತದೆ. ಅಂಥವರಿಗೆ ರೋಗದ ಕಾಟ ಕಡಿಮೆ. ನಮ್ಮ ದೇಶದ ರೋಗಿಗಳಲ್ಲಿ ಅನೇಕರು ಇಂಥವರೇ. ಹಾಗೆಂದು ಇಲ್ಲಿ ರೋಗ ಹಗುರವೆಂದು ಕೈಬಿಡಲಾಗದು. ವಿದರ್ಭದ ಆಸ್ಪತ್ರೆಗಳು ಕಠಿಣ ರೋಗಿಗಳನ್ನೂ ಕಂಡಿವೆ.

ಹಾಗಾದರೆ ಮುಚ್ಚಿದ ಆ ಖಾತೆಯನ್ನು ಮತ್ತೆ ತೆರೆಯಬಾರದೇಕೆ? ಬೀಗ ಹಾಕುವವರು ಯಾರು? ೨೦೦೮ರಲ್ಲಿ ಅಮೆರಿಕೆಯ ಬಾಸ್ಟನ್ನಿನಲ್ಲಿ ಸ್ಟುವರ್ಟ್ ಆರ್ಕಿನ್, ವಿಜಯ್ ಶಂಕರನ್ ಮೊದಲಾದವರು ಆ ಬೀಗವನ್ನು ಗುರುತಿಸಿದರು. ಬಿ.ಸಿ.ಎಲ್. ೧೧ಎ ಎಂಬ ಒಂದು ಪ್ರೋಟೀನು ಕೂಸಿನ ಹಿಮೋಗ್ಲೋಬಿನನ್ನು ಅಡಗಿಸಿಡುತ್ತದೆ. ಬೀಗ ತಿಳಿಯಿತು, ಅದನ್ನು ತೆಗೆಯುವ ಕೈ ಬೇಕಾಗಿತ್ತು.

ಮೊಸರಿನಿಂದ ಬಂದ ಕತ್ತರಿ

ಆ ಕೈ ಬಂದುದು ಯಾರೂ ಎಣಿಸದ ಕಡೆಯಿಂದ. ೧೯೮೭ರಲ್ಲಿ ಜಪಾನಿನ ಒಸಾಕಾದ ಸಂಶೋಧಕರು ಒಂದು ಬ್ಯಾಕ್ಟೀರಿಯದ ಡಿ.ಎನ್.ಎ.ಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುವುದನ್ನು ಕಂಡರು. ಅದರ ಅರ್ಥ ಅವರಿಗೆ ಆಗಲಿಲ್ಲ. ಸ್ಪೇನಿನ ಫ್ರಾನ್ಸಿಸ್ಕೊ ಮೊಹಿಕಾ ಎಂಬುವರು ಉಪ್ಪಿನ ಮಡಿಗಳಲ್ಲಿ ಬಾಳುವ ಸೂಕ್ಷ್ಮಜೀವಿಗಳಲ್ಲಿಯೂ ಇಂತಹ ಸಾಲುಗಳನ್ನು ಕಂಡು ವರ್ಷಗಟ್ಟಲೆ ಬೆನ್ನು ಹತ್ತಿದರು. ಆ ಸಾಲುಗಳ ನಡುವೆ ಇರುವುದು ವೈರಸ್ಸುಗಳ ಗುರುತಿನ ತುಣುಕುಗಳೆಂದು ೨೦೦೫ರಲ್ಲಿ ಪ್ರಕಟಿಸಿದರು. ಪೊಲೀಸು ಠಾಣೆಯಲ್ಲಿ ಹಳೆಯ ಕಳ್ಳರ ಭಾವಚಿತ್ರ ತೂಗಿಟ್ಟಂತೆ ಬ್ಯಾಕ್ಟೀರಿಯ ತನ್ನ ಶತ್ರುಗಳ ಗುರುತು ಇಟ್ಟುಕೊಳ್ಳುತ್ತದೆ! ಮೊಸರು ಮತ್ತು ಚೀಸು ತಯಾರಿಸುವ ಬ್ಯಾಕ್ಟೀರಿಯಗಳು ಈ ಗುರುತಿನಿಂದಲೇ ವೈರಸ್ಸನ್ನು ತಡೆಯುತ್ತವೆಂದು ೨೦೦೭ರಲ್ಲಿ ರೋಡಾಲ್ಫ್ ಬರಾಂಗು, ಫಿಲಿಪ್ ಹೋರ್ವಾ ಮೊದಲಾದವರು ಪ್ರಯೋಗದಿಂದ ಸಾಧಿಸಿದರು. ಇದಕ್ಕೆ ಕ್ರಿಸ್ಪರ್ ಎಂದು ಹೆಸರು.

ಇದು ಕೆಲಸ ಮಾಡುವ ರೀತಿ ಸರಳ. ಗುರುತಿನ ಚೀಟಿಯಂತಹ ಒಂದು ಚಿಕ್ಕ ಎಳೆ ಮುಂದೆ ಹೋಗಿ ತನಗೆ ತಾಳೆಯಾಗುವ ಬರಹವನ್ನು ಹುಡುಕುತ್ತದೆ. ಕ್ಯಾಸ್ ೯ ಎಂಬ ಪ್ರೋಟೀನು ಕತ್ತರಿಯಂತೆ ಅಲ್ಲಿಯೇ ಕತ್ತರಿಸುತ್ತದೆ. ೨೦೧೨ರಲ್ಲಿ ಎಮಾನ್ಯುಯೆಲ್ ಶಾರ್ಪಾಂಟಿಯೇ ಮತ್ತು ಜೆನ್ನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳೆಯರು ತಮ್ಮ ಸಂಗಡಿಗರೊಡನೆ, ಈ ಚೀಟಿಯನ್ನು ನಮಗೆ ಬೇಕಾದಂತೆ ಬರೆಯಬಹುದೆಂದು ತೋರಿಸಿದರು. ಸುಮಾರು ೨೦ ಅಕ್ಷರ ಬರೆದು ಕೊಟ್ಟರೆ ಸಾಕು, ಎರಡು ಸಾವಿರ ಸಂಪುಟಗಳ ಗ್ರಂಥದಲ್ಲಿ ಆ ಸಾಲನ್ನು ಹುಡುಕಿ ಕತ್ತರಿ ಬೀಳುತ್ತದೆ. ೨೦೨೦ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಇವರಿಬ್ಬರಿಗೆ ಸಂದಿತು. ಮೊಸರಿನ ಬ್ಯಾಕ್ಟೀರಿಯವನ್ನು ಓದುತ್ತ ಕುಳಿತವರನ್ನು ಇದರಿಂದ ಯಾರಿಗೆ ಲಾಭ ಎಂದು ಕೇಳಿದ್ದರೆ ಅವರು ಕುಡುಗೋಲು ರೋಗದ ಹೆಸರನ್ನು ಹೇಳುತ್ತಿರಲಿಲ್ಲ.

ಮದ್ದು ಬಂದಿತು, ಬೆಲೆಯೂ ಬಂದಿತು

೨೦೨೩ರ ನವೆಂಬರ ೧೬ರಂದು ಬ್ರಿಟನ್ನು, ಡಿಸೆಂಬರ ೮ರಂದು ಅಮೆರಿಕೆ, ಕ್ರಿಸ್ಪರ್ ಕತ್ತರಿಯಿಂದ ತಯಾರಾದ ಮೊಟ್ಟಮೊದಲ ಚಿಕಿತ್ಸೆಗೆ ಅನುಮತಿ ಕೊಟ್ಟವು. ಅದರ ಹೆಸರು ಕ್ಯಾಸ್‌ಜೆವಿ. ೧೨ ವರ್ಷ ತುಂಬಿದ, ಕಠಿಣ ರೋಗವುಳ್ಳವರಿಗೆ ಅದು ಮೀಸಲು.

ಚಿಕಿತ್ಸೆಯ ಕ್ರಮ ಹೀಗೆ. ರೋಗಿಯ ಮಜ್ಜೆಯಲ್ಲಿರುವ, ರಕ್ತಕಣಗಳಿಗೆಲ್ಲ ತಾಯಿಯಾದ ಜೀವಕೋಶಗಳನ್ನು ಔಷಧದಿಂದ ರಕ್ತಕ್ಕೆ ಇಳಿಸಿ ಹೊರತೆಗೆಯುತ್ತಾರೆ. ಅವನ್ನು ಪ್ರಯೋಗಶಾಲೆಗೆ ಒಯ್ದು, ನಾವು ಮೇಲೆ ಹೇಳಿದ ಬೀಗದ ವಂಶವಾಹಿಯಲ್ಲಿ ಕತ್ತರಿ ಹಾಕುತ್ತಾರೆ. ಇತ್ತ ರೋಗಿಗೆ ತೀವ್ರ ಔಷಧ ಕೊಟ್ಟು ಹಳೆಯ ಮಜ್ಜೆಯನ್ನು ಖಾಲಿ ಮಾಡುತ್ತಾರೆ. ಬಳಿಕ ತಿದ್ದಿದ ಕೋಶಗಳನ್ನು ಅವನಿಗೇ ಮರಳಿ ಏರಿಸುತ್ತಾರೆ. ಹೊಸ ಮಜ್ಜೆ ಬೇರೂರುವವರೆಗೆ ಸುಮಾರು ೪ರಿಂದ ೬ ವಾರ ಆಸ್ಪತ್ರೆಯಲ್ಲಿರಬೇಕು. ಬೀಗ ಸಡಿಲವಾದುದರಿಂದ ಕೂಸಿನ ಹಿಮೋಗ್ಲೋಬಿನ್ ಮತ್ತೆ ಹರಿಯತೊಡಗುತ್ತದೆ. ಲಕ್ಷ್ಯವಿಟ್ಟು ನೋಡಿ: ತಪ್ಪಿದ ಅಕ್ಷರವನ್ನು ಇಲ್ಲಿ ತಿದ್ದಿಲ್ಲ, ಅದು ಅಲ್ಲೇ ಇದೆ. ತಪ್ಪಿಲ್ಲದ ಹಳೆಯ ಪುಟವೊಂದನ್ನು ಮತ್ತೆ ತೆರೆದಿದ್ದಾರೆ, ಅಷ್ಟೇ.

ಅಮೆರಿಕೆಯಲ್ಲಿ ಅನುಮತಿ ದೊರೆತಾಗ ಸಾಕಷ್ಟು ಕಾಲ ಗಮನಿಸಿದ್ದ ರೋಗಿಗಳು ೩೧ ಮಂದಿ. ಅವರಲ್ಲಿ ೨೯ ಮಂದಿ ಕನಿಷ್ಠ ಒಂದು ವರ್ಷ ಒಂದೇ ಸಮನೆ ತೀವ್ರ ನೋವಿನ ಕಾಟವಿಲ್ಲದೆ ಇದ್ದರು. ವರ್ಷದಲ್ಲಿ ಹಲವು ಸಲ ಆಸ್ಪತ್ರೆ ಸೇರುತ್ತಿದ್ದವರಿಗೆ ಇದು ಮರುಜನ್ಮ. ಆದರೆ ಬೆಲೆ ೨೨ ಲಕ್ಷ ಡಾಲರು, ಅಂದಿನ ದರದಲ್ಲಿ ಸುಮಾರು ೧೮ ಕೋಟಿ ರೂಪಾಯಿ! ಅದನ್ನು ಓದಿದ ದಿನ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಮೇಲಾಗಿ ಮಜ್ಜೆ ಖಾಲಿ ಮಾಡುವ ಔಷಧ ಕಠಿಣವಾದುದು. ಮುಂದೆ ಮಕ್ಕಳಾಗುವುದಕ್ಕೂ ಅದು ಅಡ್ಡಿಯಾಗಬಹುದು.

ನಮ್ಮ ದೇಶದವರೂ ಕೈಕಟ್ಟಿ ಕುಳಿತಿಲ್ಲ. ದೆಹಲಿಯ ಜಿನೋಮಿಕ್ಸ್ ಸಂಸ್ಥೆಯ ವಿಜ್ಞಾನಿಗಳು ಬೇರೊಂದು ಬ್ಯಾಕ್ಟೀರಿಯದಿಂದ ಪಡೆದ ಕ್ಯಾಸ್ ೯ ಕತ್ತರಿಯನ್ನು ಹದಗೊಳಿಸಿದ್ದಾರೆ. ಕುಡುಗೋಲು ರೋಗಕ್ಕೆಂದು ಅವರು ಸಿದ್ಧಪಡಿಸಿದ ಚಿಕಿತ್ಸೆಗೆ ೨೦೨೫ರ ನವೆಂಬರಿನಲ್ಲಿ ಬಿರ್ಸಾ ಮುಂಡಾ ಅವರ ನೆನಪಿಗೆ 'ಬಿರ್ಸಾ ೧೦೧' ಎಂದು ಹೆಸರಿಟ್ಟರು. ಅದನ್ನು ಕಡಿಮೆ ವೆಚ್ಚದಲ್ಲಿ ತಯಾರಿಸುವುದಕ್ಕಾಗಿ ಪುಣೆಯ ಸೀರಮ್ ಸಂಸ್ಥೆಯೊಡನೆ ಕೈಜೋಡಿಸಿದರು. ಗಿರಿಜನರ ನಾಯಕನ ಹೆಸರು ಗಿರಿಜನರನ್ನು ಕಾಡುವ ರೋಗದ ಮದ್ದಿಗೆ ಬಂದುದು ಉಚಿತವೇ. ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಅದು ಗೆದ್ದ ಮೇಲೆಯೇ ಬಡವನ ಮನೆಯ ಬಾಗಿಲಿಗೆ ಬಂದೀತು.

ಅಕ್ಷರವನ್ನೇ ತಿದ್ದುವ ವಿದ್ಯೆಯೂ ಬೆಳೆಯುತ್ತಿದೆ. ಎಳೆಯನ್ನು ಪೂರ್ತಿ ಕತ್ತರಿಸದೆ ಒಂದಕ್ಷರವನ್ನು ಇನ್ನೊಂದಕ್ಕೆ ಬದಲಿಸುವ ಉಪಾಯವನ್ನು ೨೦೧೬ರಲ್ಲಿ ಡೇವಿಡ್ ಲಿಯು ಅವರ ಬಳಗ ಪ್ರಕಟಿಸಿತು. ೨೦೨೫ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ, ಯಕೃತ್ತಿನ ಅಪರೂಪದ ದೋಷದಿಂದ ಮೈಯಲ್ಲಿ ಅಮೋನಿಯಾ ತುಂಬುತ್ತಿದ್ದ ಒಂದು ಹಸುಳೆಗೆ, ಆ ಒಂದು ಮಗುವಿಗಾಗಿಯೇ ಆರು ತಿಂಗಳಲ್ಲಿ ತಯಾರಿಸಿದ ಇಂತಹ ಔಷಧವನ್ನು ಕೊಟ್ಟರು. ಮಗು ಚೇತರಿಸಿಕೊಂಡಿತು.

ಕತ್ತರಿ ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. ಮೇಲೆ ಹೇಳಿದ ಚಿಕಿತ್ಸೆಗಳು ರೋಗಿಯ ರಕ್ತಕ್ಕೆ ಅಥವಾ ಯಕೃತ್ತಿಗೆ ಸಂಬಂಧಪಟ್ಟವು. ಆ ತಿದ್ದುಪಡಿ ಮುಂದಿನ ಪೀಳಿಗೆಗೆ ಹೋಗಬೇಕೆಂಬ ಉದ್ದೇಶ ಅವುಗಳಲ್ಲಿಲ್ಲ. ೨೦೧೮ರಲ್ಲಿ ಚೀನದ ಹ ಜಿಯಾನ್‌ಕ್ವಿ ಎಂಬಾತ ಭ್ರೂಣಗಳಲ್ಲಿಯೇ ಕತ್ತರಿ ಆಡಿಸಿ ಮಕ್ಕಳು ಹುಟ್ಟಿದರೆಂದು ಸಾರಿದಾಗ ಜಗತ್ತಿನ ವಿಜ್ಞಾನಿಗಳು ಖಂಡಿಸಿದರು. ಅಲ್ಲಿನ ನ್ಯಾಯಾಲಯ ಅವನಿಗೆ ಸೆರೆವಾಸ ವಿಧಿಸಿತು. ಒಬ್ಬನ ರೋಗ ನೀಗುವುದು ಬೇರೆ. ವಂಶದ ಬರಹವನ್ನೇ ತಿದ್ದಲು ಹೊರಡುವುದು ಬೇರೆ.

ನಮ್ಮ ಕೈಯಲ್ಲಿರುವುದು

ಹದಿನೆಂಟು ಕೋಟಿಯ ಮಾತು ಬಿಡೋಣ. ಕೈಗೆಟಕುವ ಉಪಾಯಗಳೂ ಇವೆ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಔಷಧ ಕೂಸಿನ ಹಿಮೋಗ್ಲೋಬಿನನ್ನು ಹೆಚ್ಚಿಸುತ್ತದೆ. ದೊಡ್ಡವರಲ್ಲಿ ನೋವಿನ ಕಾಟ ಅದರಿಂದ ಸುಮಾರು ಅರ್ಧದಷ್ಟಾಗುತ್ತದೆಂದು ಅಮೆರಿಕೆಯ ಪರೀಕ್ಷೆಯೊಂದು ೧೯೯೫ರಲ್ಲಿ ತೋರಿಸಿತು. ಅದು ದುಬಾರಿಯಲ್ಲ, ಆದರೆ ಡಾಕ್ಟರರ ಕಣ್ಣೆದುರಿನಲ್ಲಿಯೇ ತೆಗೆದುಕೊಳ್ಳಬೇಕು. ರೋಗ ಹುಟ್ಟಿದೊಡನೆ ತಿಳಿದರೆ ಚಿಕ್ಕ ಮಕ್ಕಳಿಗೆ ಪೆನಿಸಿಲಿನ್ ಮತ್ತು ಲಸಿಕೆಗಳಿಂದ ಸೋಂಕನ್ನು ತಡೆಯಬಹುದು. ಸಾಕಷ್ಟು ನೀರು ಕುಡಿಯುವುದು, ಚಳಿಗೆ ಮೈಯೊಡ್ಡದಿರುವುದು, ಜ್ವರ ಬಂದರೆ ತಡಮಾಡದೆ ದವಾಖಾನೆಗೆ ಹೋಗುವುದು, ಇವು ಸಣ್ಣ ಮಾತುಗಳಲ್ಲ.

ಎಲ್ಲಕ್ಕೂ ಮೊದಲನೆಯದು ಪರೀಕ್ಷೆ. ಬೆರಳ ತುದಿಯ ಒಂದೆರಡು ಹನಿ ರಕ್ತವನ್ನು ದ್ರಾವಣಕ್ಕೆ ಹಾಕಿದರೆ ದೋಷದ ಹಿಮೋಗ್ಲೋಬಿನ್ ಇದ್ದಲ್ಲಿ ಅದು ಮಂಜಾಗುತ್ತದೆ. ರೋಗಿಯೋ ವಾಹಕನೋ ಎಂಬುದನ್ನು ಮುಂದಿನ ಪರೀಕ್ಷೆಯಿಂದ ಗೊತ್ತುಮಾಡುತ್ತಾರೆ. ಭಾರತ ಸರಕಾರ ೨೦೨೩ರ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಈ ರೋಗದ ನಿರ್ಮೂಲನಕ್ಕೆ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ೪೦ ವರ್ಷದೊಳಗಿನ ೭ ಕೋಟಿ ಜನರ ಪರೀಕ್ಷೆ ಅದರ ಸಂಕಲ್ಪ. ೨೦೪೭ ಅದರ ಗುರಿಯ ವರ್ಷ. ಮದುವೆಗೆ ಮೊದಲು ಜಾತಕ ನೋಡುವವರು ನೋಡಲಿ. ಜೊತೆಗೆ ಈ ಚೀಟಿಯನ್ನೂ ನೋಡಲಿ. ಇಬ್ಬರೂ ವಾಹಕರಾದರೆ ತಿಳಿದವರ ಸಲಹೆ ಪಡೆಯಲಿ. ಗರ್ಭದಲ್ಲಿರುವಾಗಲೇ ಮಗುವಿನ ಪರೀಕ್ಷೆ ಮಾಡಿಸುವ ಅನುಕೂಲವೂ ಉಂಟು. ತಿಳುವಳಿಕೆ ಇರುವುದು ದಾರಿ ಕಾಣುವುದಕ್ಕೆ, ಸಂಬಂಧ ಮುರಿಯುವುದಕ್ಕಲ್ಲ.

ಇಷ್ಟನ್ನು ನಾವು ಒಂದು ಹಾಳೆಯಲ್ಲಿ ಬರೆದುಕೊಂಡು ಊಟದ ಬಿಡುವಿನಲ್ಲಿ ನಮ್ಮ ಮುರುಕು ಮರಾಠಿಯಲ್ಲಿ ಆ ಹುಡುಗನ ಖಾತೆಯವರಿಗೆ ಓದಿ ಹೇಳಿದೆವು. ಕೆಲವರು ನಕ್ಕರು, ಕೆಲವರು ಕೇಳಿದರು. ಮರುದಿನ ಚಹದ ಹೊತ್ತಿಗೆ ಹಿರಿಯ ಜಾಬರರೊಬ್ಬರು ಏನೂ ಮಾತಾಡದೆ ಬೇರೆ ಇಟ್ಟಿದ್ದ ಲೋಟವನ್ನು ತಂದು ಎಲ್ಲ ಲೋಟಗಳ ನಡುವೆ ಇಟ್ಟರು. ಹುಡುಗ ನಮ್ಮ ಹಾಳೆಯನ್ನು ಕೇಳಿ ಪಡೆದು ಹೆಣ್ಣಿನ ಮನೆಗೆ ಒಯ್ದ. ಅವರು ಮಾತುಕತೆಯನ್ನು ಮತ್ತೆ ಎತ್ತಿದರು. ಹುಡುಗಿಯೂ ರಕ್ತಪರೀಕ್ಷೆ ಮಾಡಿಸಿಕೊಂಡಳು. ಫಲ ಏನೆಂದು ಇಲ್ಲಿ ಬರೆಯುವ ಹಕ್ಕು ನಮಗಿಲ್ಲ. ಅದು ಅವರಿಬ್ಬರ ಸೊತ್ತು.

ವಾಚಕರಲ್ಲಿ ನಮ್ಮದೊಂದು ಬಿನ್ನಹ. ಮುಂದೆ ಯಾವಾಗಲಾದರೂ ತಮ್ಮ ಓಣಿಯಲ್ಲಿ, ಕಾರ್ಖಾನೆಯಲ್ಲಿ ಈ ಶಿಬಿರ ಬಂದರೆ ತಾವೂ ಕೈ ಚಾಚಿ, ಮನೆಯ ಮಕ್ಕಳನ್ನೂ ಕರೆದೊಯ್ಯಿರಿ. ಚೀಟಿ ಹಿಡಿದು ಯಾರಾದರೂ ಕಂಗಾಲಾಗಿ ನಿಂತರೆ ಈ ಪತ್ರಿಕೆಯನ್ನು ಅವರಿಗೆ ಓದಿ ಹೇಳಿ. ಹೆಚ್ಚಿನ ಪ್ರತಿಗಳನ್ನು ವಾಚನಾಲಯದ ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇವೆ, ಅವಕ್ಕೆ ಬೆಲೆಯಿಲ್ಲ.